ಆವತ್ತು ಮಳೇಲಿ ನೀವೂ ಇದ್ರಾ?

ಮೊನ್ನೆ ಸಂಜೆ ಆಸ್ಟಿನ್ ಟೌನ್‌ನಲ್ಲಿ ನಮ್ ಇಸ್ತ್ರಿ ಗಾಡಿ ಹತ್ರ ಬಟ್ಟೆ ಇಸ್ಕೊಳ್ಳೋಕೆ ಹೋಗಿದ್ದೆ. ಅಣ್ಣ ನನ್ ಬಿಎಫ್‌ಸಿ (ನಮ್ಮೂರ ಫುಟ್‌ಬಾಲ್ ಟೀಮು, ಬೆಂಗಳೂರು ಎಫ್‌ಸಿ) ಜರ್ಸಿನ ಒಳಗಡೆ ತಿರುಗಿಸಿ, ಮೇಲೊಂದು ತೆಳ್ಳನೆ ಪಂಚೆ ತುಂಡು ಹಾಸಿ, ಇದ್ದಿಲು ಪೆಟ್ಟಿಗೆನ ಮೆಲ್ಲಗೆ ಆಡಿಸ್ತಿದ್ರು. "ನಂಬರ್ ಮೇಲೆ ನೇರ ಒತ್ತಿದ್ರೆ ಎದ್ದೋಗ್ಬಿಡುತ್ತೆ ಸಾರ್" ಅಂದ್ರು. ಆಮೇಲೆ ತಲೆ ಎತ್ತದೇನೇ ಕೇಳಿದ್ರು, "ಆವತ್ತು ಮಳೇಲಿ ನೀವೂ ಇದ್ರಾ?"

ಯಾವತ್ತು ಅಂತ ನಾನು ಕೇಳ್ಲಿಲ್ಲ. 2015 ಮೇ 31, ಕಂಠೀರವ, ಕೋಲ್ಕತ್ತಾದ ಮೋಹನ್ ಬಗಾನ್ ಎದುರು ಸೀಸನ್ನಿನ ಕೊನೇ ಮ್ಯಾಚು, ಗೆದ್ರೆ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ನಮ್ದು, ಡ್ರಾ ಆದ್ರೂ ಅವ್ರದ್ದು. ನಮ್ ಜಾನ್ ಜಾನ್ಸನ್ ಗೋಲ್ ಹೊಡೆದಾಗ ಪಕ್ಕದಲ್ಲಿರೋದು ಯಾರು ಅಂತಾನೂ ನೋಡ್ದೆ ತಬ್ಕೊಂಡಿದ್ವಿ. 87ನೇ ನಿಮಿಷ, ಅವ್ರ ಬೆಲ್ಲೋ ರಜಾಕ್ ಹೆಡರ್, 1-1. ನಮ್ ಫ್ಯಾನ್ಸು ಮ್ಯಾಚ್ ಪೂರ್ತಿ ನಿಂತ್ಕೊಂಡೇ ಕೂಗೋ ವೆಸ್ಟ್ ಬ್ಲಾಕಲ್ಲಿ ಅಷ್ಟು ಜನ ಒಟ್ಟಿಗೆ ಸುಮ್ನಾಗಿದ್ದು ನಾನು ಕೇಳಿದ್ದು ಅದೇ ಮೊದಲು.

"ಇದ್ದೆ ಅಣ್ಣ" ಅಂದೆ. ಅವ್ರು ತಲೆ ಆಡಿಸಿದ್ರು, ಅಷ್ಟೇ.

ಆ ಮಾತು ಇಷ್ಟು ನಾಟಿದ್ದಕ್ಕೆ ಇನ್ನೊಂದು ಕಾರಣ ಇದೆ. ಮೊನ್ನೆ ಮಧ್ಯಾಹ್ನಾನೇ ಊಟದ ಟೈಮಲ್ಲಿ ಆಫೀಸಲ್ಲೊಬ್ರು, "2013ರಲ್ಲಿ ಹುಟ್ಟಿದ ಕಂಪನಿ ಕ್ಲಬ್ಬಿಗೆ ಎಂಥಾ ಹಿಸ್ಟರಿ ರೀ?" ಅಂದಿದ್ರು. ಒಳ್ಳೆ ಮನುಷ್ಯನೇ, ಆದ್ರೆ ಗೊತ್ತಿಲ್ಲದ್ದನ್ನ ಗಟ್ಟಿಯಾಗಿ ಹೇಳೋ ಚಾಳಿ. ನಾನು ಉರ್ಕೊಂಡು ಕಪ್‌ಗಳನ್ನ ಒಂದೇ ಉಸಿರಲ್ಲಿ ಒಪ್ಪಿಸ್ದೆ, ಮೊದಲನೇ ಸೀಸನ್ನಲ್ಲೇ ಐ-ಲೀಗ್, 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಫೈನಲ್ಲಿಗೆ ಹೋದ ಮೊದಲನೇ ಇಂಡಿಯನ್ ಕ್ಲಬ್, 2019ರಲ್ಲಿ ಎಕ್ಸ್‌ಟ್ರಾ ಟೈಮಲ್ಲಿ ನಮ್ ರಾಹುಲ್ ಭೇಕೆ ಹೆಡರ್ರು, ಇಂಡಿಯನ್ ಸೂಪರ್ ಲೀಗ್ ಕಪ್ಪು. ಅವ್ರು ಮೊಸರನ್ನ ಕಲಸ್ತಾ ಕೇಳಿಸ್ಕೊಂಡ್ರು.

ಅಣ್ಣನ ಪ್ರಶ್ನೆ ಕೇಳಿದ್ಮೇಲೆ ಗೊತ್ತಾಯ್ತು, ನಾನು ಹೇಳ್ಬೇಕಾಗಿದ್ದು ಕಪ್ಪಿನ ಲೆಕ್ಕ ಅಲ್ಲ. ಇದು 1937ರಲ್ಲೇ ಬೆಂಗಳೂರು ಮುಸ್ಲಿಮ್ಸ್ ಟೀಮು ಬಾಂಬೆಯ ರೋವರ್ಸ್ ಕಪ್ ಗೆದ್ದ ಊರು. ಗೌತಮಪುರದಲ್ಲಿ ಪೆಲೆಗೆ ಪ್ರತಿಮೆ ಇಟ್ಟಿರೋ ಊರು. ಅಣ್ಣ ಚಿಕ್ಕೋರಿದ್ದಾಗ ಅವ್ರಪ್ಪನ ಹೆಗಲ ಮೇಲೆ ಕೂತು ಐಟಿಐ, ಎಚ್‌ಎಎಲ್ ಫ್ಯಾಕ್ಟರಿ ಟೀಮ್‌ಗಳ ಮ್ಯಾಚು ನೋಡಿದ್ದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಮ್ಮಲ್ಲಂತೆ, ಆಮೇಲೆ ಅವ್ರೇ ಹೇಳಿದ್ರು. ಬಿಎಫ್‌ಸಿ ಮೊದಲನೇ ಸೀಸನ್ ಆಡಿದ್ದೂ ಅಲ್ಲೇ. ಕ್ಲಬ್ಬು ಹೊಸದಿರ್ಬಹುದು, ಆ ಗ್ಯಾಲರೀಲಿ ಬಂದು ಕೂತ ಜನ ಹೊಸಬ್ರಲ್ಲ. ಫ್ಯಾಕ್ಟರಿ ಟೀಮ್‌ಗಳು ಸೊರಗಿದ್ಮೇಲೆ ಕೂಗೋಕೆ ಒಂದು ಹೆಸರಿಲ್ದೆ ಕಾಯ್ತಿದ್ದೋರು ಎಷ್ಟು ಜನಾನೋ.

ನಂಗೆ ಬೇಜಾರಾಗಿದ್ದು ಇನ್ನೊಂದಕ್ಕೆ. ನಾಲ್ಕು ವರ್ಷದಿಂದ ಅವ್ರ ಕೈಗೆ ಅದೇ ಜರ್ಸಿ ಕೊಡ್ತಿದೀನಿ, ಒಂದ್ಸಲಾನೂ ಮ್ಯಾಚ್ ನೋಡ್ತೀರಾ ಅಂತ ಕೇಳಿರ್ಲಿಲ್ಲ. ಆವತ್ತು ನಾನು ತಬ್ಕೊಂಡೋನು ಇವ್ರೇ ಆಗಿದ್ರೂ ನಂಗೆ ಗೊತ್ತಾಗ್ತಿರ್ಲಿಲ್ಲ.

"ಮುಂದಿನ್ ಹೋಮ್ ಮ್ಯಾಚಿಗೆ ಒಟ್ಟಿಗೆ ಹೋಗೋಣ್ವಾ ಅಣ್ಣ?" ಅಂದೆ. ಜರ್ಸಿ ಮಡಚಿ, 11 ನಂಬರ್ ಮೇಲೆ ಬರೋ ಹಾಗೆ ಪೇಪರಲ್ಲಿ ಸುತ್ತಿ ಕೊಟ್ರು. "ಬರ್ತೀನಿ ಸಾರ್, ವೆಸ್ಟ್ ಬ್ಲಾಕ್ ಮಾತ್ರ ಬೇಡ, ದಿನಾ ಪೂರ್ತಿ ಇಲ್ಲಿ ನಿಂತಿರ್ತೀನಿ, ಅಲ್ಲೂ ತೊಂಬತ್ತು ನಿಮಿಷ ನಿಲ್ಲೋಕೆ ಮಂಡಿ ಕೇಳಲ್ಲ."