ಹೊಟ್ಟೆ ತುಂಬಿದ ಮರ

ನಮ್ಮ ಮನೆಯ ಮುಂದಿನ ಗುಲ್‌ಮೊಹರ್‌ಗೆ ಈಗ 11 ವರ್ಷ. ಮೊದಲ ಏಳು ವರ್ಷ ಅದು ಒಂದೇ ಒಂದು ಹೂ ಬಿಡಲಿಲ್ಲ. ತಪ್ಪು ನನ್ನದೇ.

ಬಸವನಗುಡಿಯ ರಸ್ತೆಯೊಂದರಲ್ಲಿ ಬಿದ್ದಿದ್ದ ಕಾಯಿಯನ್ನು ಎತ್ತಿಕೊಂಡು ಬಂದಿದ್ದೆ. ಮೊಳದುದ್ದ, ಅಲ್ಲಾಡಿಸಿದರೆ ಗಿಲಕಿಯ ಸದ್ದು. ಚಿಕ್ಕಂದಿನಲ್ಲಿ ಅದನ್ನೇ ಕತ್ತಿ ಮಾಡಿಕೊಂಡು ಹೊಡೆದಾಡಿದವರಿಗೆ ಅದು ಕತ್ತಿಕಾಯಿ. ಬೀಜದ ಸಿಪ್ಪೆ ಕಲ್ಲಿನಷ್ಟು ಗಟ್ಟಿ. ಹಾಗೇ ಹೂತರೆ ತಿಂಗಳುಗಟ್ಟಲೆ ಅಲುಗುವುದಿಲ್ಲ. ಒಲೆಯಿಂದ ಇಳಿಸಿದ ನೀರನ್ನು ಸುರಿದು ರಾತ್ರಿಯಿಡೀ ನೆನೆಸಿದೆ. ಉಬ್ಬಿದ ನಾಲ್ಕನ್ನು ಹಾಲಿನ ಪ್ಯಾಕೆಟ್ಟುಗಳಲ್ಲಿ ಊರಿದೆ. ಎರಡು ಮೊಳೆತವು, ಒಂದು ಉಳಿಯಿತು.

ಉಳಿದದ್ದಕ್ಕೆ ರಾಜೋಪಚಾರ. ಅಕ್ಕಿ ತೊಳೆದ ನೀರು, ಸಂಪಿನ ನೀರು, ಯುಗಾದಿಗೊಮ್ಮೆ ಕೊಟ್ಟಿಗೆ ಗೊಬ್ಬರ. ಮರ ಕೊಡೆಯಂತೆ ಹರಡಿ ಹಸಿರೋ ಹಸಿರು. ಎದುರುಮನೆಯ ಅಜ್ಜಿ ಒಂದು ದಿನ ನೋಡಿ, "ಅದಕ್ಕೆ ಹೊಟ್ಟೆ ತುಂಬಿದೆ ಕಣಮ್ಮ, ಹೂ ಯಾಕೆ ಬಿಡುತ್ತದೆ? ನೀರು ನಿಲ್ಲಿಸು" ಎಂದರು. ಅದರ ತವರು ಮಡಗಾಸ್ಕರ್‌ನ ಒಣಕಾಡು ಎಂದು ಓದಿದ್ದ ನನಗೇ ಅದು ಹೊಳೆದಿರಲಿಲ್ಲ.

ಸಂಕ್ರಾಂತಿಯಿಂದ ತೊಟ್ಟು ನೀರು ಹಾಕಲಿಲ್ಲ. ಫೆಬ್ರವರಿಯಲ್ಲಿ ಎಲೆಯೆಲ್ಲ ಉದುರಿ ಬರೀ ಅಸ್ಥಿಪಂಜರ. "ಕೊಂದೇಬಿಟ್ಟೆಯಲ್ಲೇ" ಎಂದರು ಅತ್ತೆ. ಏಪ್ರಿಲ್ ಕೊನೆಗೆ ಬೋಳು ಕೊಂಬೆಯ ತುದಿಗಳಲ್ಲಿ ಮೊಗ್ಗಿನ ಗೊಂಚಲು! ನಾಲ್ಕು ಕೆಂಪು ಎಸಳು, ಐದನೆಯದರ ಮೇಲೆ ಮಾತ್ರ ಬಿಳಿ ಹಳದಿ ಗೀರು. ಒಂದು ಎಸಳನ್ನು ಬಾಯಿಗೂ ಹಾಕಿಕೊಂಡೆ. ಅದೇ ಹಳೆಯ ಹುಳಿ. ಅಜ್ಜಿಯ ಮೊಮ್ಮಗನಿಗೆ ಹೂವಿನ ಕೇಸರಗಳನ್ನು ಒಂದಕ್ಕೊಂದು ಸಿಕ್ಕಿಸಿ ಎಳೆದು ತಲೆ ಹಾರಿಸುವ ಕೋಳಿಜಗಳ ಕಲಿಸಿದೆ. ಎರಡನೆಯ ಆಟದಿಂದ ಅವನೇ ಗೆದ್ದ.

ಆದರೂ 30x40 ನಿವೇಶನದವರಿಗೆ ಈ ಮರ ಬೇಡ ಎಂದೇ ಹೇಳುತ್ತೇನೆ. ಬೇರು ಆಳಕ್ಕೆ ಇಳಿಯದೆ ಅಗಲಕ್ಕೆ ಓಡುತ್ತದೆ. ನಮ್ಮ ಕಾಲುದಾರಿಯ ಎರಡು ಚಪ್ಪಡಿಗಳು ಎದ್ದಿವೆ. ಕೊಂಬೆ ಮೆದು. ಹೋದ ಮೇ ತಿಂಗಳ ಗಾಳಿಮಳೆಗೆ ಒಂದು ಮುರಿದು ಪಕ್ಕದ ಮನೆಯವರ ಸ್ಕೂಟರಿನ ಕನ್ನಡಿ ಹೋಯಿತು, ದುಡ್ಡು ನಾನೇ ಕೊಟ್ಟೆ. 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಮರದ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಊರಿಗೆ ಸಾಲುಮರ ಹೊಂದಿಸಿದವರು. ಅವರ ಕಾಲದ ರಸ್ತೆಗಳಿಗೆ ಅಗಲವಿತ್ತು. ನಮ್ಮ ಗಲ್ಲಿಗೆ ಹೊಳೆದಾಸವಾಳ ಅಥವಾ ಕಕ್ಕೆ ಸಾಕಿತ್ತು.

ಈ ವರ್ಷದ ಸಂಕ್ರಾಂತಿಯೂ ಕಳೆಯಿತು. ಪೈಪನ್ನು ಸುತ್ತಿ ಅಟ್ಟಕ್ಕೆ ಹಾಕಿದ್ದೇನೆ. ಅಜ್ಜಿ ಎಳ್ಳು ಬೀರಲು ಬಂದವರು ನಲ್ಲಿಯ ಕಡೆ ಒಮ್ಮೆ ಕಣ್ಣು ಹಾಯಿಸಿಯೇ ಹೋದರು.