ಹಿಂಬದಿಯ ನೀಲಿ ಕುಣಿಕೆಗಳು
ಹೊಲಿಯುತ್ತಿದ್ದ ಕ್ವಿಲ್ಟನ್ನು, ಅಂದರೆ ಪದರಗಳನ್ನು ಸೇರಿಸಿ ಹೊಲಿಯುವ ಹೊದಿಕೆಯನ್ನು, ಮಗುಚಿ ನೋಡಿದರೆ, ಹಿಂಬದಿಯ ಕೆನೆಬಣ್ಣದ ಬಟ್ಟೆಯ ಮೇಲೆ ನೀಲಿ ದಾರದ ಕುಣಿಕೆಗಳು ಸಾಲುಗಟ್ಟಿದ್ದವು. ಬೆರಳು ತೂರಿಸುವಷ್ಟು ಸಡಿಲ. ಮೇಲೆ ಮಾತ್ರ ನನ್ನ ಸ್ಟಿಪ್ಲಿಂಗ್ ಎಂಬ ಅಂಕುಡೊಂಕು ಹೊಲಿಗೆ, ಒಂದು ಗೆರೆ ಇನ್ನೊಂದನ್ನು ದಾಟದಂತೆ ಅಚ್ಚುಕಟ್ಟಾಗಿ ಹರಿದಿತ್ತು. ಅದನ್ನೇ ಮೆಚ್ಚಿಕೊಳ್ಳುತ್ತಾ 20 ನಿಮಿಷ ಹೊಲಿದಿದ್ದೆ.

ಮರುದಿನ ಬೆಳಿಗ್ಗೆ ಡೆಲಿವರಿ. ಇಬ್ಬರು ಹೊದೆಯುವ ಕ್ವಿಲ್ಟನ್ನು ಸುರುಳಿ ಸುತ್ತಿ, ಮನೆಬಳಕೆಯ ಯಂತ್ರದ 6-7 ಇಂಚಿನ ಸಂದಿಗೆ ತುರುಕುವ ಕೆಲಸ ನಮ್ಮದು. ಕ್ವಿಲ್ಟಿಗೆಂದೇ ಇರುವ, ಸಂದಿ ದೊಡ್ಡದಾದ ಲಾಂಗ್‌ಆರ್ಮ್ ಯಂತ್ರ ಕೊಳ್ಳೋಣ ಎಂದರೆ ಮಾಲೀಕರು "ಮುಂದಿನ ವರ್ಷ ನೋಡೋಣ" ಎನ್ನುತ್ತಾರೆ. ಆ ಮುಂದಿನ ವರ್ಷ ಇನ್ನೂ ಬಂದಿಲ್ಲ. ಜೋತುಬಿದ್ದ ಭಾರ ಬಟ್ಟೆಯನ್ನು ಎಳೆಯುತ್ತದೆ, ಪಕ್ಕಕ್ಕೊಂದು ಮೇಜಾದರೂ ಕೊಡಿ ಎಂದು ಕೇಳಿದ್ದಕ್ಕೆ ಸಿಕ್ಕಿದ್ದು ಇಸ್ತ್ರಿ ಮಾಡುವ ಹಲಗೆ.

ಕೆಳಗೆ ಕುಣಿಕೆ ಬಂದರೆ ದೋಷ ಮೇಲಿನ ದಾರದ್ದು. ಹೊಸಬರಿಗೆ ಇದನ್ನು ಹೇಳಿಕೊಡುವವಳೇ ನಾನು. ಮೇಲಿನ ದಾರದ ಬಿಗಿ ಹೊಂದಿಸುವ ಟೆನ್ಷನ್ ಡಯಲನ್ನು 4ರಿಂದ 5ಕ್ಕೆ ತಿರುಗಿಸಿ ತುಂಡುಬಟ್ಟೆಯ ಮೇಲೆ ಹೊಲಿದೆ. ಕುಣಿಕೆ. 6ಕ್ಕೆ ತಿರುಗಿಸಿದೆ. ಕುಣಿಕೆ. 7ಕ್ಕೂ ಅದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಯಂತ್ರಕ್ಕೆ ಹಟ ಹಿಡಿದಿದೆ ಎಂದುಕೊಂಡೆ. 90/14 ಅಳತೆಯ ಹೊಸ ಸೂಜಿ ಹಾಕಿದೆ. ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲುಗಳನ್ನು, ಅಂದರೆ ಫೀಡ್ ಡಾಗನ್ನು, ಇಳಿಸಿದ್ದೇನೆಯೇ ಎಂದು ಮೂರು ಸಲ ಬಗ್ಗಿ ನೋಡಿದೆ. ಕೈ ನಡುಗತೊಡಗಿತ್ತು. ಕೊನೆಗೆ ಮುಟ್ಟಬಾರದ್ದನ್ನೇ ಮುಟ್ಟಿದೆ: ಕೆಳಗಿನ ದಾರದ ಬಿಗಿ ಹಿಡಿಯುವ ಬಾಬಿನ್ ಕೇಸಿನ ತಿರುಪನ್ನು, ಮೊದಲು ಎಲ್ಲಿತ್ತೆಂಬ ಗುರುತನ್ನೂ ಹಾಕಿಕೊಳ್ಳದೆ, ಸಡಿಲಿಸಿದೆ.

ಅಷ್ಟರಲ್ಲಿ ಮಾಲೀಕರು ಇಣುಕಿ "ಇನ್ನೆಷ್ಟು ಹೊತ್ತು?" ಎಂದು ಕೇಳಿ ಹೋದರು. ಆ ಪ್ರಶ್ನೆಯಿಂದ ಇವತ್ತಿನವರೆಗೆ ಒಂದು ಹೊಲಿಗೆಯೂ ಬೇಗ ಬಿದ್ದದ್ದಿಲ್ಲ.

ಅಂಚಿಗೆ ಪಟ್ಟಿ ಹೊಲಿಯುವ ಬೈಂಡಿಂಗ್ ಮಾಡುತ್ತಿದ್ದ ಹುಡುಗಿ ತಲೆ ಎತ್ತದೆಯೇ ಕೇಳಿದಳು: "ಅಕ್ಕಾ, ದಾರ ಹಾಕುವಾಗ ಫುಟ್ ಎತ್ತಿದ್ದಿರಾ?" ಫುಟ್ ಎಂದರೆ ಸೂಜಿಯ ಬಳಿ ಬಟ್ಟೆಯ ಮೇಲೆ ಇಳಿಯುವ ಪಾದ. ಸೇರಿ ಆರು ತಿಂಗಳಾಗಿದೆ ಅವಳಿಗೆ. "ಅಷ್ಟೂ ಗೊತ್ತಿಲ್ಲವೇ ನನಗೆ?" ಎಂದು ಗದರಿದೆ. ಗದರುವಾಗಲೇ ನೆನಪಾಯಿತು. ದಾರ ತುಂಡಾದಾಗ ಅವಸರದಲ್ಲಿ ಇದ್ದಂತೆಯೇ ಪೋಣಿಸಿದ್ದೆ. ಈ ಹೊಲಿಗೆಗೆ ಹಾಕುವ ಡಾರ್ನಿಂಗ್ ಫುಟ್ ಇಳಿಸಿದರೂ ಬಟ್ಟೆಯನ್ನು ಒತ್ತಿ ಹಿಡಿಯುವುದಿಲ್ಲ. ಎತ್ತಿದೆಯೋ ಇಳಿದಿದೆಯೋ ಒಂದು ನೋಟಕ್ಕೆ ತಿಳಿಯದು. ಇಳಿದಿದ್ದರೆ ಟೆನ್ಷನ್ ಬಿಲ್ಲೆಗಳು ಬಿಗಿದುಕೊಂಡಿರುತ್ತವೆ, ದಾರ ಅವುಗಳ ನಡುವೆ ಕೂರುವುದಿಲ್ಲ. ಬಿಲ್ಲೆಯ ಹೊರಗೇ ಜಾರಿಹೋಗುವ ದಾರಕ್ಕೆ ಡಯಲ್ 4 ಆದರೇನು, 7 ಆದರೇನು?

ಫುಟ್ ಎತ್ತಿ ಮತ್ತೆ ಪೋಣಿಸಿದೆ. ಇಳಿಸಿ ಎಳೆದರೆ ದಾರ ಬಿಗಿ ಹಿಡಿದು ಸೂಜಿಯೇ ಬಾಗಿತು. ಹೊಲಿದು ನೋಡಿದರೆ ಈಗ ನೀಲಿ ಗೆರೆಯ ಉದ್ದಕ್ಕೂ ಕೆನೆಬಣ್ಣದ ಚುಕ್ಕಿಗಳು! ನಾನೇ ಸಡಿಲಿಸಿದ್ದ ಬಾಬಿನ್ ದಾರ ಮೇಲಕ್ಕೆ ಬರುತ್ತಿತ್ತು. ಡಯಲ್ ಇಳಿಸಿ, ತಿರುಪನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ ಸರಿದೂಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕುಣಿಕೆಗಳು ಅದಕ್ಕಿಂತ ಬೇಗ ಬಿಚ್ಚಿಕೊಂಡವು. ಬಿಗಿಯೇ ಇರಲಿಲ್ಲವಲ್ಲ, ಎಳೆದರೆ ಸರಸರನೆ ಬಂದವು.

ಆ ರಾತ್ರಿ ದಾರದ ತುದಿಗಳನ್ನೆಲ್ಲ ಒಳಗೆ ಸೇರಿಸಿಕೊಟ್ಟವಳು ಆ ಹುಡುಗಿಯೇ. ಈಗ ನನ್ನ ದಾರ ತುಂಡಾದಾಗ ಅವಳು ಏನನ್ನೂ ಕೇಳುವುದಿಲ್ಲ. ಬೈಂಡಿಂಗ್ ನಿಲ್ಲಿಸಿ ನನ್ನ ಯಂತ್ರದತ್ತ ಒಮ್ಮೆ ನೋಡುತ್ತಾಳೆ. ನಾನು ಸುಮ್ಮನೆ ಫುಟ್ ಎತ್ತುತ್ತೇನೆ.