ಅಪ್ಪನ ಮಳೆ ಲೆಕ್ಕ, ಲಿನಕ್ಸ್‌ಗೆ ಕಾಣದ ಫಾಂಟ್

ಅಪ್ಪ ಕೊಡಗಿನ ನಾಪೋಕ್ಲು ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ (ಲೆಕ್ಕಪತ್ರ ಬರೆಯುವವರು) ಆಗಿದ್ದರು. ಬೆಳಿಗ್ಗೆ ಎದ್ದು ಮೊದಲು ಮಾಡುತ್ತಿದ್ದ ಕೆಲಸ ಅಂದರೆ ಹಿಂದಿನ ದಿನದ ಮಳೆ ಅಳೆದು ಬರೆಯುವುದು. ನಮ್ಮಲ್ಲಿ ಮಳೆ ಲೆಕ್ಕ ಈಗಲೂ ಇಂಚು, ಸೆಂಟಿನಲ್ಲೇ ಅಲ್ವಾ? 100 ಸೆಂಟ್ ಆದರೆ 1 ಇಂಚು. 2003ರಿಂದ ಅದನ್ನೆಲ್ಲ ಆಫೀಸಿನ ಕಂಪ್ಯೂಟರಿನಲ್ಲಿ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶ ಹಾಕಿ ಟೈಪ್ ಮಾಡಿಟ್ಟಿದ್ದರು. ಕಾಗದದ ರಿಜಿಸ್ಟರುಗಳು ಬೂಷ್ಟು ಹಿಡಿದು ಹೋದವು. ಉಳಿದಿದ್ದು ಒಂದು ಪೆನ್‌ಡ್ರೈವ್.

ಮೊನ್ನೆ ಅದನ್ನು ನನ್ನ ಲ್ಯಾಪ್‌ಟಾಪಿಗೆ (ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಇದೆ) ಹಾಕಿ ಲಿಬ್ರೆಆಫೀಸ್‌ನಲ್ಲಿ ತೆರೆದೆ. ಅಂಕಿಗಳು ಸರಿಯಾಗಿವೆ. ಆದರೆ ಪಕ್ಕದಲ್ಲಿ ಅಪ್ಪ ಬರೆದ ಟಿಪ್ಪಣಿಗಳಿವೆಯಲ್ಲ, ಯಾವತ್ತು ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಂತು, ಯಾವತ್ತು ಹೊಳೆ ಗದ್ದೆಗೆ ನುಗ್ಗಿತು ಅನ್ನುವುದು, ಅದೆಲ್ಲ ಚುಕ್ಕಿ, ಕೊಂಬು ಇಟ್ಟ ಇಂಗ್ಲಿಷ್ ಅಕ್ಷರಗಳ ರಾಶಿ. ನನಗೆ ಬೇಕಾಗಿದ್ದೇ ಆ ಟಿಪ್ಪಣಿಗಳು.

"ಅಪ್ಪ, ಇದು ಯಾವ ಫಾಂಟು?" ಅಂತ ಕೇಳಿದೆ. "ನುಡಿ ಸೊನ್ನೆ ಒಂದು ಇ" ಅಂದರು, ಯೋಚನೆ ಕೂಡ ಮಾಡದೆ.

ಇಲ್ಲಿಂದ ಮೂರು ಸಂಜೆ ಹೋಯಿತು. ಕರೆಂಟ್ ಇದ್ದಷ್ಟು ಹೊತ್ತು ಅಷ್ಟೇ, ಜುಲೈ-ಆಗಸ್ಟ್‌ನ ಕಕ್ಕಡ ತಿಂಗಳ ಮಳೆ ಅಂದರೆ ಗೊತ್ತಲ್ಲ.

ಮೊದಲು ಯಾವುದೋ ಸೈಟಿನಿಂದ ಫಾಂಟ್ ಇಳಿಸಿಕೊಂಡೆ. ಹೆಸರಿನ ಕೊನೆಗೆ ಫಾಂಟ್ ಫೈಲಿಗೆ ಇರುವ ಹಾಗೆ ಟಿಟಿಎಫ್ ಅಂತ ಇದೆ, ಆದರೆ ಡಬಲ್ ಕ್ಲಿಕ್ ಮಾಡಿದರೆ ತೆರೆಯುವುದೇ ಇಲ್ಲ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ 'ಫೈಲ್' ಅನ್ನುವ ಕಮಾಂಡ್ ಇದೆ. ಅದಕ್ಕೆ ಫೈಲಿನ ಹೆಸರು ಕೊಟ್ಟರೆ, ಹೆಸರು ಏನೇ ಇರಲಿ, ಒಳಗೆ ಏನಿದೆ ಅಂತ ನೋಡಿ ಹೇಳುತ್ತದೆ. ನನ್ನದಕ್ಕೆ ಎಚ್‌ಟಿಎಂಎಲ್ ಅಂದಿತು. ಅಂದರೆ ಫಾಂಟ್ ಬದಲು ಡೌನ್‌ಲೋಡ್ ಪುಟವೇ ಸೇವ್ ಆಗಿತ್ತು. ಫಾಂಟ್ ಹಾಕುವವರು ಮೊದಲು ಇದನ್ನು ಮಾಡಿ, ಅರ್ಧ ನಿಮಿಷದ ಕೆಲಸ.

ಆಮೇಲೆ ಹಳೆಯ ವಿಂಡೋಸ್ ಹಾರ್ಡ್‌ಡಿಸ್ಕಿನಲ್ಲಿ ಸರಿಯಾದ ಫೈಲ್ ಸಿಕ್ಕಿತು. ಅದನ್ನು ನನ್ನ ಹೋಮ್ ಫೋಲ್ಡರಿಗೆ ತಂದು, ಅಲ್ಲಿಂದ ಸುಡೊ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಹಾಕಿ ಸಿಸ್ಟಮ್ಮಿನ ಫಾಂಟ್ ಫೋಲ್ಡರಿಗೆ ಕಾಪಿ ಮಾಡಿ, ಫಾಂಟ್ ಪಟ್ಟಿಯನ್ನು ಹೊಸದು ಮಾಡುವ ಎಫ್‌ಸಿ-ಕ್ಯಾಶ್ ಓಡಿಸಿದೆ. ಇರುವ ಫಾಂಟ್‌ಗಳನ್ನು ತೋರಿಸುವ ಎಫ್‌ಸಿ-ಲಿಸ್ಟ್ ಕೊಟ್ಟು ನೋಡಿದರೆ ನುಡಿ ಇಲ್ಲ. ಸುಡೊ ಸೇರಿಸಿ ಅದೇ ಕಮಾಂಡ್ ಕೊಟ್ಟರೆ ನುಡಿ ಇದೆ! ಇಲ್ಲೇ ಸುಳಿವು ಸಿಕ್ಕಿದ್ದು. ಫೈಲಿನ ಪರ್ಮಿಷನ್ 600 ಇತ್ತು, ಅಂದರೆ ಮಾಲೀಕ ಮಾತ್ರ ಓದಬಹುದು, ಮತ್ತು ಸುಡೊ ಹಾಕಿ ಕಾಪಿ ಮಾಡಿದ್ದರಿಂದ ಮಾಲೀಕ ರೂಟ್ (ಅಡ್ಮಿನ್ ಖಾತೆ) ಆಗಿಬಿಟ್ಟಿದ್ದ. ಸಿಎಚ್‌ಮಾಡ್ ಕಮಾಂಡಿನಲ್ಲಿ ಅದನ್ನು 644 (ಎಲ್ಲರೂ ಓದಬಹುದು) ಮಾಡಿದ ಕೂಡಲೇ ನನಗೂ ಕಾಣಿಸಿತು. ಒಬ್ಬರೇ ಬಳಸುವ ಕಂಪ್ಯೂಟರ್ ಆದರೆ ಇಷ್ಟೆಲ್ಲ ಬೇಡ. ಹೋಮ್ ಒಳಗೆ ಡಾಟ್ ಲೋಕಲ್, ಅದರೊಳಗೆ ಶೇರ್, ಅದರೊಳಗೆ ಫಾಂಟ್ಸ್ ಅಂತ ಫೋಲ್ಡರ್ ಮಾಡಿ ಅಲ್ಲಿ ಹಾಕಿದರೆ ಸಾಕು.

ಜಾಸ್ತಿ ಹೊತ್ತು ತಿಂದಿದ್ದು ಮುಂದಿನದು. ಕನ್ನಡ ಫಾಂಟ್‌ಗಳು ಯಾವುವು ಇವೆ ಅಂತ ನೋಡಲು ಎಫ್‌ಸಿ-ಲಿಸ್ಟ್‌ಗೆ ಭಾಷೆ ಕನ್ನಡ ಅಂತ ಸೇರಿಸಿ ಕೇಳುವ ಅಭ್ಯಾಸ ನನಗೆ. ಲೋಹಿತ್ ಬಂತು, ಗುಬ್ಬಿ ಬಂತು, ನವಿಲು ಬಂತು, ನೋಟೋ ಬಂತು. ನುಡಿ ಬರಲಿಲ್ಲ. ಫಾಂಟೇ ಕೆಟ್ಟಿದೆ ಅಂದುಕೊಂಡು ಬೇರೆ ಬೇರೆ ಕಾಪಿ ಹಾಕಿ ನೋಡಿದೆ, ಕ್ಯಾಶ್ ಅಳಿಸಿದೆ, ರೀಸ್ಟಾರ್ಟ್ ಮಾಡಿದೆ. ಏನೂ ಬದಲಾಗಲಿಲ್ಲ.

ಫಾಂಟ್ ಕೆಟ್ಟಿರಲೇ ಇಲ್ಲ. ಲಿನಕ್ಸ್ ಅದನ್ನು ಗುರುತು ಹಿಡಿದಿತ್ತು, ಆದರೆ ಇಂಗ್ಲಿಷ್ ಫಾಂಟ್ ಅಂತ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಕನ್ನಡ ಅಕ್ಷರದ ಚಿತ್ರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ನಮ್ಮ ಕಣ್ಣಿಗೆ ಅದು ಕನ್ನಡ, ಕಂಪ್ಯೂಟರಿಗೆ ಅಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಕನ್ನಡಕ್ಕೆ ಅದರದೇ ಜಾಗ ಇದೆ, ಮತ್ತು ಲಿನಕ್ಸ್‌ಗೆ ಫಾಂಟ್ ಹುಡುಕಿಕೊಡುವ ಫಾಂಟ್‌ಕಾನ್ಫಿಗ್ ನೋಡುವುದು ಆ ಜಾಗದಲ್ಲಿ. ಅಲ್ಲಿ ಏನೂ ಇಲ್ಲದಿದ್ದರೆ ಕನ್ನಡದ ಪಟ್ಟಿಗೆ ಸೇರಿಸುವುದಿಲ್ಲ. ಯೂನಿಕೋಡ್ ಫಾಂಟ್ ಆದರೂ, ಕನ್ನಡಕ್ಕೆ ಬೇಕು ಅಂತ ಅದು ಇಟ್ಟುಕೊಂಡ ಪಟ್ಟಿಯ ಒಂದು ಅಕ್ಷರ ಕಡಿಮೆ ಇದ್ದರೂ ಹೀಗೇ ಆಗುತ್ತದೆ. ಎಫ್‌ಸಿ-ವ್ಯಾಲಿಡೇಟ್ ಕೊಟ್ಟರೆ ಯಾವ ಅಕ್ಷರ ಇಲ್ಲ ಅಂತ ಗೊತ್ತಾಗುತ್ತದೆ.

ಆದ್ದರಿಂದ ಹಳೆಯ ನುಡಿಯನ್ನು ಭಾಷೆಯಿಂದ ಹುಡುಕಬೇಡಿ, ಹೆಸರಿನಿಂದ ಹುಡುಕಿ. ಅದೂ ಫೈಲಿನ ಹೆಸರಲ್ಲ, ಫಾಂಟಿನ ಒಳಗೆ ಬರೆದಿರುವ ಹೆಸರು. ಎಫ್‌ಸಿ-ಸ್ಕ್ಯಾನ್ ಅದನ್ನು ತೋರಿಸುತ್ತದೆ. ಡಾಕ್ಯುಮೆಂಟಿನಲ್ಲಿರುವ ಹೆಸರೂ ಇದೂ ಒಂದೇ ಆಗಿರಬೇಕು. ಲಿಬ್ರೆಆಫೀಸ್‌ನ ಫಾಂಟ್ ಬಾಕ್ಸಿನಲ್ಲಿ ಹೆಸರು ಓರೆಯಾಗಿ ಕಂಡರೆ ಆ ಫಾಂಟ್ ಅದಕ್ಕೆ ಸಿಕ್ಕಿಲ್ಲ ಅಂತ ಅರ್ಥ. ಹೊಸ ಫಾಂಟ್ ಹಾಕಿದ ಮೇಲೆ ಲಿಬ್ರೆಆಫೀಸ್ ಪೂರ್ತಿ ಮುಚ್ಚಿ ತೆರೆಯಿರಿ. ಅಲ್ಲಿ ವೆಸ್ಟರ್ನ್ (ಇಂಗ್ಲಿಷಿನಂಥ ಲಿಪಿಗೆ), ಸಿಟಿಎಲ್ (ಕನ್ನಡದಂಥ ಲಿಪಿಗೆ) ಅಂತ ಫಾಂಟಿಗೆ ಎರಡು ಕಡೆ ಇರುತ್ತದೆ. ಯೂನಿಕೋಡ್ ಕನ್ನಡಕ್ಕೆ ಸಿಟಿಎಲ್, ಹಳೆಯ ನುಡಿಗೆ ವೆಸ್ಟರ್ನ್. ನಾನು ಸಿಟಿಎಲ್ ಕಡೆ ನುಡಿ ಹಾಕಿ ಕಾಯುತ್ತಾ ಕೂತಿದ್ದೆ.

ವೆಸ್ಟರ್ನ್ ಕಡೆ ಹಾಕಿದ ಕೂಡಲೇ ಅಪ್ಪನ ಕನ್ನಡ ಬಂತು, ಪುಟ ತುಂಬಾ.

ಆದರೆ ಅಲ್ಲಿಗೇ ಬಿಡಲು ನನಗೆ ಮನಸ್ಸಾಗಲಿಲ್ಲ. ಈ ಫೈಲಿನಲ್ಲಿ 'ಮಳೆ' ಅಂತ ಹುಡುಕಿದರೆ ಒಂದೂ ಸಿಗುವುದಿಲ್ಲ. ತಂಗಿಯ ಮೊಬೈಲಿಗೆ ಕಳಿಸಿದರೆ ಮತ್ತೆ ಅದೇ ಚುಕ್ಕಿ, ಕೊಂಬು. ಹಾಗಾಗಿ ಮೂಲ ಫೈಲನ್ನು ಮುಟ್ಟದೆ, ಒಂದು ಕಾಪಿ ಮಾಡಿ, ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದೆ. ಹೆಚ್ಚಿನದು ಸರಿಯಾಗಿ ಬಂತು. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಒಂದೊಂದಾಗಿ ನೋಡಬೇಕು. 'ಮಾರ್ಚ್' ಅನ್ನುವಲ್ಲಿ ಹಳೆಯ ನುಡಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಹಾಗೆ ಚಕಾರದ ನಂತರ ಇಡುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ತರುವಾಗ ಕೆಲವು ಕಡೆ ತಪ್ಪಿತ್ತು. ಮಳೆ ಲೆಕ್ಕದಲ್ಲಿ ಮಾರ್ಚ್ ಎಷ್ಟು ಸಲ ಬರುತ್ತದೆ ನೋಡಿ, ಹೂಮಳೆಯ ತಿಂಗಳು ಅದು.

ಈಗ 2009ರ ತನಕ ತಿದ್ದಿ ಮುಗಿದಿದೆ. ನಿನ್ನೆ ರಾತ್ರಿ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು 'ಹೂಮಳೆ' ಅಂತ ಹುಡುಕಿ ತೋರಿಸಿದೆ. ಒಂದೊಂದೇ ವರ್ಷ ಸಿಕ್ಕುತ್ತಾ ಹೋಯಿತು. ಅವರು ಕನ್ನಡಕ ಸರಿ ಮಾಡಿಕೊಂಡು, "2018ರ ಆಗಸ್ಟ್ ಯಾವಾಗ ತೆಗೀತೀಯ?" ಅಂತ ಕೇಳಿದರು. ಗುಡ್ಡ ಕುಸಿದ ಆ ವಾರವೂ ಒಂದು ದಿನ ಬಿಡದೆ ಬರೆದಿದ್ದಾರಂತೆ. ಇವತ್ತು ಕರೆಂಟ್ ಬಂದರೆ ಅದನ್ನೇ ಮೊದಲು ಮಾಡುತ್ತೇನೆ.